ಕೇಜು ಇಳಿಯುವ ಸದ್ದು, ಬಂಡೆ ಸಿಡಿಯುವ ಸದ್ದು

ಕೋಲಾರದ ಚಿನ್ನದ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಮೇಲೆ ಹುಟ್ಟಿದ ಮಕ್ಕಳು ಈಗ ಕಾಲೇಜು ಮುಗಿಸಿ, ಬೆಳಗಿನ ಮಾರಿಕುಪ್ಪಂ ರೈಲು ಹಿಡಿದು, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಿದ್ದಾರೆ. ಗಣಿಯ ತ್ಯಾಜ್ಯ ಸುರಿದು ಬೆಳೆದ ಸೈನೈಡ್ ದಿಬ್ಬಗಳನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅವುಗಳ ಮೇಲೆ ಸೆಟ್ಟು ಹಾಕಿ ತೆಗೆದ ‘ಕೆಜಿಎಫ್’ ಚಿತ್ರವನ್ನು 2018ರ ಡಿಸೆಂಬರಿನಲ್ಲಿ ಇಡೀ ದೇಶವೇ ನೋಡಿತು, ರವಿ ಬಸ್ರೂರು ಅವರ ಸಂಗೀತವನ್ನು ಕೇಳಿತು. ಆದರೆ ಪಾಳಿಗೆ ಹೊರಟವರನ್ನು ತುಂಬಿಕೊಂಡು ಗಣಿಯ ಲಿಫ್ಟಾದ ಕೇಜು ಕೆಳಗಿಳಿಯುವಾಗ ಆಗುತ್ತಿದ್ದ ಸದ್ದು ಈ ಮಕ್ಕಳ ಕಿವಿಗೆ ಬಿದ್ದಿಲ್ಲ. ಕಿರುಚಿತ್ರಕ್ಕೋ ಬೀದಿನಾಟಕಕ್ಕೋ ಮೊಬೈಲ್ ಗೇಮಿಗೋ ಗಣಿಯ ಸದ್ದು ಬೇಕೆಂದರೆ ಅವರು ಅದನ್ನು ಕಂಪ್ಯೂಟರಿನಲ್ಲೇ ಕಟ್ಟಬೇಕು. ಹಾಗೆ ಕಟ್ಟಲು ಕೂತವರಿಗೆ ಮೊದಲ ದಿನವೇ ಎದುರಾಗುವ ಒಂದು ತಾಂತ್ರಿಕ ಜಗಳವಿದೆ. ಎರಡೂ ಕಡೆ ತೂಕದ ಮಾತುಗಳಿರುವ ಜಗಳ ಅದು. ಅದನ್ನು ಇಲ್ಲಿ ಬಿಡಿಸಿ ನೋಡುವ ಪ್ರಯತ್ನ ನನ್ನದು.

ಸಿಂಥೆಸೈಸರಿನಲ್ಲಿ ಸದ್ದು ಕಟ್ಟುವ ಹಳೆಯ ವಿಧಾನವೆಂದರೆ ಮೊದಲು ತುಂಬು ಸದ್ದೊಂದನ್ನು ಹುಟ್ಟಿಸಿ, ಬೇಡದ್ದನ್ನು ಕಳೆಯುತ್ತಾ ಹೋಗುವುದು. ಕಳೆಯುವ ಸಾಧನ ಫಿಲ್ಟರ್. ತಗ್ಗು ಕಂಪನಗಳನ್ನು ಬಿಟ್ಟು ಮೇಲಿನವನ್ನು ತಡೆಯುವ ಫಿಲ್ಟರಿನಲ್ಲಿ, ಎಲ್ಲಿಂದ ಮೇಲೆ ತಡೆಯಬೇಕು ಎಂಬ ಗಡಿಯೇ ಕಟಾಫ್. ಗಡಿ 8,000 ಹರ್ಟ್ಸ್‌ನಲ್ಲಿದ್ದರೆ ಸದ್ದು ಹರಿತ, 250ಕ್ಕೆ ಇಳಿದರೆ ಗೋಡೆಯಾಚೆಯಿಂದ ಬಂದಂತೆ ಮಂದ. ಗಡಿ ಒಂದೇ ಕಡೆ ನಿಂತಿದ್ದರೆ ಯಾವ ತಕರಾರೂ ಇಲ್ಲ. ಆದರೆ ಸಂಗೀತದ ಜೀವ ಇರುವುದು ಆ ಗಡಿ ಅಲುಗಾಡುವುದರಲ್ಲಿ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿ ಧ್ವನಿಮುದ್ರಿಸಿದರಲ್ಲ, ಆ ಆಲ್ಬಮ್ಮಿನ ಮಂದ್ರದ ಸಾಲುಗಳಲ್ಲಿ ಕೇಳುವ ನುಲಿತ ರೋಲ್ಯಾಂಡ್ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆಯ ಫಿಲ್ಟರಿನದು. ಅದು ವಿದ್ಯುತ್ ಮಂಡಲದಿಂದ ಮಾಡಿದ ಫಿಲ್ಟರ್. ತಿರುಪು ತಿರುಗಿದಂತೆ ವೋಲ್ಟೇಜ್ ಏರುತ್ತದೆ, ಗಡಿ ತಾನಾಗಿ ಸರಿಯುತ್ತದೆ, ನಡುವೆ ಲೆಕ್ಕವೇ ಇಲ್ಲ. ಅದೇ ಫಿಲ್ಟರನ್ನು ಕಂಪ್ಯೂಟರಿಗೆ ತಂದಾಗ ಲೆಕ್ಕ ಶುರುವಾಗುತ್ತದೆ.

ಕಂಪ್ಯೂಟರಿನಲ್ಲಿ ಸದ್ದು ಎಂದರೆ ಸೆಕೆಂಡಿಗೆ 44,100 ಅಥವಾ 48,000 ಸಂಖ್ಯೆಗಳ ಸಾಲು. ಒಂದೊಂದು ಸಂಖ್ಯೆಯೂ ಒಂದು ಸ್ಯಾಂಪಲ್. ಎಲ್ಲ ಕಡೆ ಬಳಕೆಯಲ್ಲಿರುವ ಬೈಕ್ವಾಡ್ ಎಂಬ ಫಿಲ್ಟರಿನಲ್ಲಿ ಐದು ಗುಣಾಂಕಗಳಿರುತ್ತವೆ. ಪ್ರತಿ ಸ್ಯಾಂಪಲ್ಲಿಗೂ ಐದು ಗುಣಾಕಾರ, ನಾಲ್ಕು ಸಂಕಲನ. ಇಷ್ಟು ಕೆಲಸವನ್ನು ಇಂದಿನ ಪ್ರೊಸೆಸರ್ ಸುಸ್ತಿಲ್ಲದೆ ಮಾಡುತ್ತದೆ. ದುಬಾರಿಯಾಗುವುದು ಗಡಿ ಸರಿದಾಗ. ಆಗ ಐದೂ ಗುಣಾಂಕಗಳನ್ನು ಹೊಸದಾಗಿ ಹುಡುಕಬೇಕು. ಅದಕ್ಕೆ ಸೈನ್, ಕೊಸೈನ್, ಭಾಗಾಕಾರ ಎಲ್ಲ ಬೇಕು. ಕಿವಿ ಸ್ವರದ ಅಂತರವನ್ನು ಸ್ಥಾಯಿಗಳಲ್ಲಿ ಅಳೆಯುತ್ತದೆಯೇ ಹೊರತು ಹರ್ಟ್ಸ್‌ಗಳಲ್ಲಲ್ಲ. ಹಾಗಾಗಿ ಎರಡರ ಘಾತವನ್ನೂ ಲೆಕ್ಕಹಾಕಬೇಕಾಗುತ್ತದೆ. ಇವು ಒಂದೊಂದೂ ಪ್ರೊಸೆಸರಿನ ಹತ್ತಾರು ಸುತ್ತುಗಳನ್ನು ನುಂಗುತ್ತವೆ. ಫಿಲ್ಟರ್ ಓಡಿಸುವ ಖರ್ಚಿಗಿಂತ ಅದರ ಗಡಿಯನ್ನು ಸರಿಸುವ ಖರ್ಚೇ ಹೆಚ್ಚಾಗುವುದು ಹೀಗೆ.

ಈ ಗುಣಾಂಕಗಳನ್ನು ಪ್ರತಿ ಸ್ಯಾಂಪಲ್ಲಿಗೂ ಹೊಸದಾಗಿ ಲೆಕ್ಕಹಾಕಬೇಕೇ, ಅಥವಾ ಆಗೊಮ್ಮೆ ಈಗೊಮ್ಮೆ ಹಾಕಿದರೆ ಸಾಕೇ? ಇದೇ ಜಗಳ.

ಆಗೊಮ್ಮೆ ಈಗೊಮ್ಮೆ ಸಾಕು ಎನ್ನುವವರ ಬೆನ್ನಿಗೆ ದೊಡ್ಡ ಪರಂಪರೆಯೇ ಇದೆ. 1957ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಕಂಪ್ಯೂಟರಿನಿಂದ ಸಂಗೀತ ನುಡಿಸಿದ ಕಾಲದಲ್ಲಿ ಕೆಲವು ಸೆಕೆಂಡುಗಳ ಸದ್ದಿಗೆ ಎಷ್ಟೋ ಹೊತ್ತು ಕಾಯಬೇಕಿತ್ತು. ಮುಂದೆ ಎಂಐಟಿಯ ಬ್ಯಾರಿ ವರ್ಕೋ ತಮ್ಮ ಸಂಗೀತ ಭಾಷೆಗಳಲ್ಲಿ ಎರಡು ಗತಿಗಳನ್ನು ಬೇರ್ಪಡಿಸಿದರು. ಸದ್ದಿನದು ವೇಗದ ಗತಿ. ಸದ್ದನ್ನು ತಿದ್ದುವ ಕೈಯದು ನಿಧಾನ ಗತಿ. 1986ರಲ್ಲಿ ಬಂದ ಅವರ ಸಿಸೌಂಡ್‌ನಿಂದ ಹಿಡಿದು ಮಿಲ್ಲರ್ ಪಕೆಟ್ ಅವರ ಪ್ಯೂರ್ ಡೇಟಾ, ಜೇಮ್ಸ್ ಮ್ಯಾಕಾರ್ಟ್ನಿ ಅವರ ಸೂಪರ್‌ಕೊಲೈಡರ್‌ವರೆಗೆ ಈ ವಿಂಗಡಣೆ ನಡೆದುಬಂದಿದೆ. ಕೊನೆಯ ಎರಡರಲ್ಲಿ ಸದ್ದು ಸಾಮಾನ್ಯವಾಗಿ 64 ಸ್ಯಾಂಪಲ್ಲುಗಳ ಬ್ಲಾಕುಗಳಾಗಿ ಓಡುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಎಂದರೆ ಒಂದು ಬ್ಲಾಕು 1.33 ಮಿಲಿಸೆಕೆಂಡು, ಸೆಕೆಂಡಿಗೆ 750 ಬ್ಲಾಕು. ಗಡಿಯನ್ನು ಬ್ಲಾಕಿಗೊಮ್ಮೆ ಸರಿಸಿದರೆ ಲೆಕ್ಕದ ಹೊರೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಈ ಉಳಿತಾಯ ಸಾಕೇ ಎಂಬುದನ್ನು ಕೇಜಿನ ಸದ್ದಿನ ಮೇಲೆ ಒರೆಗೆ ಹಚ್ಚೋಣ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳವಿತ್ತು. ಕೇಜು ಇಳಿದಂತೆಲ್ಲ ಮೇಲಿನ ಸದ್ದಿನಲ್ಲಿ ಮೊದಲು ಮಾಯವಾಗುವುದು ಹರಿತವಾದ ಭಾಗ, ಏಕೆಂದರೆ ಗಾಳಿ ಹೆಚ್ಚು ಕಂಪನದ ಸದ್ದನ್ನು ಬೇಗ ಹೀರುತ್ತದೆ. ಇದನ್ನು ಕಟ್ಟಲು ಕಟಾಫನ್ನು ಎರಡು ನಿಮಿಷದಲ್ಲಿ 8,000ದಿಂದ 250 ಹರ್ಟ್ಸ್‌ಗೆ ಇಳಿಸೋಣ. ಸರಿಯಾಗಿ ಐದು ಸ್ಥಾಯಿ. ಎರಡು ನಿಮಿಷಕ್ಕೆ 90,000 ಬ್ಲಾಕು. ಒಂದೊಂದು ಬ್ಲಾಕಿನಲ್ಲಿ ಗಡಿ ಇಳಿಯುವುದು ಒಂದು ಸ್ವರಸ್ಥಾನದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಯಾವ ವಿದ್ವಾಂಸರ ಕಿವಿಗೂ ಅದು ಮೆಟ್ಟಿಲಾಗಿ ಕೇಳದು. ಸೆಕೆಂಡಿಗೆ 750 ಸಲದ ಬದಲು 100 ಸಲ ಸರಿಸಿದರೂ ಕೇಳದು. ಇಲ್ಲಿ ಪ್ರತಿ ಸ್ಯಾಂಪಲ್ಲಿಗೂ ಸೈನ್ ಕೊಸೈನ್ ಹಾಕುತ್ತಾ ಕೂರುವುದು ಬರೀ ಬ್ಯಾಟರಿ ಸುಡುವ ಕೆಲಸ.

ತಂಬೂರಿಯೂ ಇದೇ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ. 1979ರಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ ಮೇಲೆ, ಅವರ ರೇಡೆಲ್ ಪೆಟ್ಟಿಗೆಗಳು ನಮ್ಮ ಸಂಗೀತ ಕಛೇರಿಗಳ ಮೂಲೆಮೂಲೆಗೂ ತಲುಪಿದವು. ತಂಬೂರಿಯ ತಂತಿ ಮೀಟಿದಾಗ ಜೀವಾಳಿಯ ಝೇಂಕಾರದಲ್ಲಿ ಒಂದೊಂದೇ ಉಪಸ್ವರ ಎದ್ದು ತಗ್ಗುತ್ತದೆ, ಸರ್ ಸಿ.ವಿ. ರಾಮನ್ 1921ರಲ್ಲೇ ಈ ವಾದ್ಯಗಳ ತಂತಿಯ ನಡತೆಯ ಬಗ್ಗೆ ಬರೆದಿದ್ದರು. ಅದನ್ನು ಫಿಲ್ಟರಿನಿಂದ ಕಟ್ಟಲು ಹೊರಟರೆ ಗಡಿಯ ಚಲನೆಗೆ ಸೆಕೆಂಡುಗಳೇ ಹಿಡಿಯುತ್ತವೆ. ನಿಧಾನ ಗತಿ ಅಲ್ಲಿ ಧಾರಾಳವಾಗಿ ಸಾಕು.

ಈಗ ಬಂಡೆಯ ಸರದಿ. ಆಳದಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವ ರಾಕ್ ಬರ್ಸ್ಟ್, ಕೆಜಿಎಫ್ ಕುಟುಂಬಗಳ ನೆನಪಿನಿಂದ ಇನ್ನೂ ಮಾಸಿಲ್ಲದ ಭಯ. ದೊಡ್ಡ ಸ್ಫೋಟಗಳಿಗೆ ನೆಲದ ಮೇಲಿನ ಮನೆಗಳೂ ಅದುರುತ್ತಿದ್ದವು. ಇದರ ಸದ್ದಿನಲ್ಲಿ ಮೊದಲ ಕ್ಷಣದ ಸೀಳು, ಹಿಂದೆಯೇ ಒಳಗೊಳಗೇ ಉರುಳುವ ಗುಡುಗು ಎರಡೂ ಬೇಕು. ಕಟಾಫ್ 20 ಮಿಲಿಸೆಕೆಂಡಿನೊಳಗೆ 12,000ದಿಂದ 200 ಹರ್ಟ್ಸ್‌ಗೆ ಬೀಳಲಿ ಎನ್ನೋಣ. ಹೆಚ್ಚೂಕಡಿಮೆ ಆರು ಸ್ಥಾಯಿಯ ಬೀಳು. ಅಷ್ಟು ಹೊತ್ತಿಗೆ ಸಿಗುವುದು ಬರೀ ಹದಿನೈದು ಬ್ಲಾಕು. ಒಂದೊಂದು ಬ್ಲಾಕಿಗೂ ಗಡಿ ಐದು ಸ್ವರಸ್ಥಾನಕ್ಕೆ ಹತ್ತಿರ ಜಿಗಿಯುತ್ತದೆ, ಷಡ್ಜದಿಂದ ಮಧ್ಯಮಕ್ಕೆ ಇರುವಷ್ಟು. ಹೆಡ್‌ಫೋನ್ ಹಾಕಿ ಕೇಳಿದರೆ ಸೀಳು ಸೀಳಾಗಿ ಉಳಿಯದೆ ಜರಜರ ಎನ್ನುತ್ತದೆ. ಧ್ವನಿ ತಂತ್ರಜ್ಞರು ಇದಕ್ಕೆ ಜಿಪ್ಪರ್ ಸದ್ದು ಎನ್ನುತ್ತಾರೆ. ಅದೇ ಬೀಳನ್ನು ಪ್ರತಿ ಸ್ಯಾಂಪಲ್ಲಿಗೂ ಲೆಕ್ಕಹಾಕಿದರೆ 960 ಹೆಜ್ಜೆಗಳಾಗಿ ಹಂಚಿಹೋಗುತ್ತದೆ. ಒಂದೊಂದು ಹೆಜ್ಜೆಯೂ ಒಂದು ಸ್ವರಸ್ಥಾನದ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು.

ಪ್ರತಿ ಸ್ಯಾಂಪಲ್ ಪಕ್ಷದವರ ಕೈಯಲ್ಲಿ ಇದಕ್ಕಿಂತ ಬಲವಾದ ಇನ್ನೊಂದು ವಾದವಿದೆ. ಗಡಿಯನ್ನು ಇನ್ನೊಂದು ಸ್ವರದಿಂದಲೇ ಅಲುಗಾಡಿಸಿದರೆ ಏನಾಗುತ್ತದೆ? 440 ಹರ್ಟ್ಸ್‌ನ ಅಲೆಯೊಂದು ಕಟಾಫನ್ನು ಮೇಲೆ ಕೆಳಗೆ ತೂಗಿದಾಗ ಲೋಹ ಉಜ್ಜಿದಂಥ, ಗಂಟೆ ಒಡೆದಂಥ ಹೊಸ ಬಣ್ಣಗಳು ಹುಟ್ಟುತ್ತವೆ. ಗಣಿಯ ಯಂತ್ರಗಳ ಕರ್ಕಶಕ್ಕೆ ಬೇಕಾದ್ದು ಇದೇ. ಆದರೆ ಸೆಕೆಂಡಿಗೆ 750 ಸಲ ಮಾತ್ರ ಕಣ್ಣು ಬಿಡುವ ಲೆಕ್ಕಕ್ಕೆ 375 ಹರ್ಟ್ಸ್‌ಗಿಂತ ಮೇಲಿನ ಅಲೆ ಸರಿಯಾಗಿ ಕಾಣುವುದೇ ಇಲ್ಲ. ಅದು 440ನ್ನು 310 ಎಂದು ಓದುತ್ತದೆ. ಕೇಳಿದ್ದು ಒಂದು ಸ್ವರ, ಬಂದದ್ದು ಇನ್ನೊಂದು, ಅದೂ ಅಪಸ್ವರ. ಇದು ಸ್ವಲ್ಪ ಒರಟು, ಸ್ವಲ್ಪ ನಯ ಎಂಬ ವ್ಯತ್ಯಾಸವಲ್ಲ. ಸಂಗೀತಗಾರ ಬರೆದ ಸ್ವರವನ್ನು ಯಂತ್ರ ತಿದ್ದಿ ಬೇರೆಯದನ್ನು ನುಡಿಸಿದಂತೆ. ಯಾವ ಮಿತವ್ಯಯದ ಹೆಸರಿನಲ್ಲೂ ಇದನ್ನು ಸಮರ್ಥಿಸುವುದು ಕಷ್ಟ.

ಮಿತವ್ಯಯದವರು ಇಲ್ಲಿಗೆ ಸುಮ್ಮನಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಜಿಗಿತ ಕೆಟ್ಟದಾದರೆ ಜಿಗಿಯುವುದು ಬೇಡ, ಬ್ಲಾಕಿನ ಮೊದಲ ತುದಿಯ ಗುಣಾಂಕದಿಂದ ಕೊನೆಯ ತುದಿಯ ಗುಣಾಂಕಕ್ಕೆ ನೇರ ಗೆರೆ ಎಳೆದು ಸಣ್ಣ ಸಣ್ಣ ಹೆಜ್ಜೆಯಲ್ಲಿ ನಡೆಯೋಣ ಎನ್ನುತ್ತಾರೆ. ಅದಕ್ಕೆ ಪ್ರತಿ ಸ್ಯಾಂಪಲ್ಲಿಗೆ ಗುಣಾಂಕಕ್ಕೊಂದು ಸಂಕಲನ ಮಾತ್ರ ಹೆಚ್ಚುವರಿ. ಬೈಕ್ವಾಡ್ ಸ್ಥಿರವಾಗಿ ಉಳಿಯುವ ಎಲ್ಲೆ ಗಣಿತದಲ್ಲಿ ಒಂದು ತ್ರಿಕೋನ. ತ್ರಿಕೋನದೊಳಗಿನ ಎರಡು ಬಿಂದುಗಳ ನಡುವೆ ಎಳೆದ ಗೆರೆ ತ್ರಿಕೋನವನ್ನು ದಾಟದು. ಹಾಗಾಗಿ ನಡುವಿನ ಯಾವ ಹೆಜ್ಜೆಯನ್ನು ಬೇರೆಯಾಗಿ ತೆಗೆದು ನೋಡಿದರೂ ಅದು ಸ್ಥಿರವಾದ ಫಿಲ್ಟರೇ. ನೇರ ಗೆರೆ ಸ್ಥಾಯಿಯ ಲೆಕ್ಕದಲ್ಲಿ ಕೊಂಚ ಬಾಗಿರುತ್ತದೆ ನಿಜ. ಎಷ್ಟು ಬಾಗಿರುತ್ತದೆ? ನಮ್ಮ ಬಂಡೆಯ ಉದಾಹರಣೆಯಲ್ಲಿ, ಬ್ಲಾಕಿನ ನಟ್ಟನಡುವೆ ಗಡಿ ಇರಬೇಕಾದ ಜಾಗಕ್ಕಿಂತ ನೂರಕ್ಕೆ ಒಂದೆರಡರಷ್ಟು ಮಾತ್ರ ಮೇಲಿರುತ್ತದೆ. 20 ಮಿಲಿಸೆಕೆಂಡಿನ ಸ್ಫೋಟದಲ್ಲಿ ಅದನ್ನು ಯಾರೂ ಗುರುತಿಸಲಾರರು. ಒಪ್ಪಬೇಕಾದ ಮಾತು. ಜಿಪ್ಪರ್ ಸದ್ದಿನ ಆರೋಪ ಇಲ್ಲಿಗೆ ಬಹುಪಾಲು ಬಿದ್ದುಹೋಗುತ್ತದೆ. ಬೀಳದೆ ಉಳಿಯುವವು ಎರಡು: 440 ಹರ್ಟ್ಸ್‌ನ ತೂಗಾಟ, ಮತ್ತು ಬ್ಲಾಕಿನ ನಡುವೆ ಶುರುವಾಗುವ ಹೊಡೆತದ ಮೊನೆ ಒಂದು ಮಿಲಿಸೆಕೆಂಡಿನಷ್ಟು ಸವೆಯುವುದು.

ಈ ವಾದವಿವಾದದಲ್ಲಿ ಇಬ್ಬರೂ ಕಡೆಗಣಿಸುವ ಸಂಗತಿ ಫಿಲ್ಟರಿನ ಒಳಗಿನ ಕಟ್ಟಡ. ನನಗೆ ಇದೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಫಿಲ್ಟರಿಗೆ ನೆನಪಿದೆ, ಹಿಂದಿನ ಸ್ಯಾಂಪಲ್ಲುಗಳ ಪಾಲನ್ನು ಇಟ್ಟುಕೊಂಡೇ ಅದು ಮುಂದಿನದನ್ನು ಕೊಡುತ್ತದೆ. ಬೈಕ್ವಾಡನ್ನು ಕೋಡಿನಲ್ಲಿ ಬರೆಯುವ ಕೆಲವು ರೀತಿಗಳಲ್ಲಿ ಆ ನೆನಪಿನ ಅಳತೆಯೇ ಗುಣಾಂಕಗಳನ್ನು ಅವಲಂಬಿಸಿರುತ್ತದೆ. ಗುಣಾಂಕ ಬದಲಾದ ಕ್ಷಣ ಹಳೆಯ ಅಳತೆಯ ನೆನಪು ಹೊಸ ಲೆಕ್ಕಕ್ಕೆ ಹೊಂದದೆ, ಸ್ಪೀಕರಿನಲ್ಲಿ ಧಬ್ ಎಂಬ ಪೆಟ್ಟು ಕೇಳುತ್ತದೆ. ಗಡಿಯ ಆಸುಪಾಸಿನ ಕಂಪನಗಳನ್ನು ಉಬ್ಬಿಸುವ ರೆಸೊನೆನ್ಸನ್ನು ಹೆಚ್ಚಿಟ್ಟು ಗಡಿಯನ್ನು ಜೋರಾಗಿ ಓಡಿಸಿದರೆ ಸದ್ದು ಹತೋಟಿ ತಪ್ಪಿ ಕಿರುಚುವುದೂ ಉಂಟು. ಒಂದೊಂದು ಕ್ಷಣದಲ್ಲೂ ಸ್ಥಿರವಾಗಿರುವ ಫಿಲ್ಟರ್ ಬದಲಾಗುತ್ತಾ ಓಡುವಾಗಲೂ ಸ್ಥಿರವಾಗಿಯೇ ಇರುತ್ತದೆ ಎನ್ನಲಾಗದು. ಮೇಲೆ ಹೇಳಿದ ತ್ರಿಕೋನದ ಭರವಸೆಗೆ ಇರುವ ಮಿತಿ ಇದು. ಇಂಥ ಕಟ್ಟಡಕ್ಕೆ ಪ್ರತಿ ಸ್ಯಾಂಪಲ್ಲಿಗೂ ಗುಣಾಂಕ ಹಾಕಿದರೂ ರೋಗ ವಾಸಿಯಾಗದು, ಬ್ಲಾಕಿಗೊಮ್ಮೆ ಹಾಕಿದರೂ ಆಗದು.

ಮದ್ದು ಹಳೆಯದೇ. ಹ್ಯಾಲ್ ಚೇಂಬರ್ಲಿನ್ 1980ರ ತಮ್ಮ ಪುಸ್ತಕದಲ್ಲಿ ಸಂಗೀತಗಾರರ ನಡುವೆ ಹೆಸರುವಾಸಿಯಾದ ಸ್ಟೇಟ್ ವೇರಿಯಬಲ್ ಫಿಲ್ಟರನ್ನು ವಿವರಿಸಿದರು. ಇದರಲ್ಲಿ ಗಡಿಗೆ ಒಂದು ಸಂಖ್ಯೆ, ರೆಸೊನೆನ್ಸಿಗೆ ಇನ್ನೊಂದು. ಐದನ್ನೂ ಒಟ್ಟಿಗೆ ತಿದ್ದುವ ಕಾಟವಿಲ್ಲ. ತಗ್ಗು ಕಂಪನಗಳಲ್ಲಿ ಸೈನ್ ಕೂಡ ಬೇಡ, ಒಂದು ಗುಣಾಕಾರದಲ್ಲೇ ಗಡಿಯ ಸಂಖ್ಯೆ ಸಿಗುತ್ತದೆ. ಪ್ರತಿ ಸ್ಯಾಂಪಲ್ಲಿಗೂ ಹಾಕಿದರೂ ಹೊರೆ ಅನಿಸದು. ಕೊರತೆ ಒಂದೇ: ಸ್ಯಾಂಪಲ್ ದರದ ಆರನೇ ಒಂದು ಭಾಗದ ಆಚೆ, ಅಂದರೆ 48,000 ದರದಲ್ಲಿ 8,000 ಹರ್ಟ್ಸ್‌ನ ಆಚೆ, ಅದರ ಮೇಲೆ ನಂಬಿಕೆ ಇಡುವಂತಿಲ್ಲ. ನಮ್ಮ ಕೇಜು ಅದರಲ್ಲಿ ಸಲೀಸಾಗಿ ಇಳಿಯುತ್ತದೆ. 12,000ದಿಂದ ಬೀಳಬೇಕಾದ ಬಂಡೆಗೆ ಫಿಲ್ಟರನ್ನು ಪ್ರತಿ ಸ್ಯಾಂಪಲ್ಲಿಗೆ ಎರಡು ಸಲ ಓಡಿಸಬೇಕು. ವದೀಮ್ ಜವಾಲಿಶಿನ್ 2012ರಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪುಸ್ತಕ ಈ ಕೊರತೆಯನ್ನು ನೀಗಿಸುವ ದಾರಿಯನ್ನು ಬಿಡಿಸಿ ಹೇಳಿತು. ಅದರಲ್ಲಿ ಫಿಲ್ಟರಿನ ನೆನಪು ವಿದ್ಯುತ್ ಮಂಡಲದ ಕೆಪಾಸಿಟರಿನಲ್ಲಿ ಉಳಿದ ಚಾರ್ಜಿನಂತೆ ವರ್ತಿಸುತ್ತದೆ. ಗಡಿ ಎಷ್ಟೇ ಓಡಾಡಲಿ, ನೆನಪಿನ ಅರ್ಥ ಕೆಡುವುದಿಲ್ಲ. ಪ್ರತಿಯಾಗಿ ಅದು ಕೇಳುವುದು ಪ್ರತಿ ಬದಲಾವಣೆಗೆ ಒಂದು ಟ್ಯಾನ್, ಒಂದು ಭಾಗಾಕಾರ.

ಆ ಟ್ಯಾನನ್ನು ಅಗ್ಗ ಮಾಡುವ ಉಪಾಯಗಳು ಇವೆ. ಎರಡು ಪುಟ್ಟ ಬಹುಪದಿಗಳ ಭಾಗಲಬ್ಧವಾಗಿ ಬರೆಯುವ ಪಾಡೆ ವಿಧಾನ ಅವುಗಳಲ್ಲೊಂದು. 48,000 ದರದಲ್ಲಿ 12,000 ಹರ್ಟ್ಸ್‌ವರೆಗೂ ಅದರ ತಪ್ಪು ಎರಡು ಹರ್ಟ್ಸ್ ದಾಟುವುದಿಲ್ಲ, ಖರ್ಚು ನಾಲ್ಕಾರು ಗುಣಾಕಾರ, ಒಂದು ಭಾಗಾಕಾರ. ಇನ್ನೊಂದು ಉಪಾಯ ಕೋಷ್ಟಕ. 20ರಿಂದ 20,000 ಹರ್ಟ್ಸ್ ಎಂದರೆ ಹತ್ತು ಸ್ಥಾಯಿ, 120 ಸ್ವರಸ್ಥಾನ. ಒಂದೊಂದಕ್ಕೂ ಉತ್ತರವನ್ನು ಮೊದಲೇ ಬರೆದಿಟ್ಟು ನಡುವೆ ನೇರ ಗೆರೆ ಎಳೆದರೆ, ಕಿವಿ ಸೂಕ್ಷ್ಮವಾಗಿರುವ ನಡು ಸ್ಥಾಯಿಗಳಲ್ಲಿ ತಪ್ಪು ಒಂದು ಸ್ವರಸ್ಥಾನದ ನೂರನೇ ಭಾಗವನ್ನೂ ಮುಟ್ಟದು. ಜಾಗ ಅರ್ಧ ಕಿಲೋಬೈಟ್ ಕೂಡ ಬೇಡ. ಘಾತದ ಲೆಕ್ಕವೂ ಅದರೊಳಗೇ ಮುಗಿದಿರುತ್ತದೆ. ತೀರ ಮೇಲಿನ ಸ್ಥಾಯಿಯಲ್ಲಿ ಮಾತ್ರ ಟ್ಯಾನ್ ಕಡಿದಾಗುವುದರಿಂದ ಅಲ್ಲಿ ಕೋಷ್ಟಕವನ್ನು ಒತ್ತಾಗಿ ತುಂಬಬೇಕು.

ಇಷ್ಟೆಲ್ಲ ಉಳಿತಾಯ ಯಾರಿಗೆ ಬೇಕು, ಈಗಿನ ಪ್ರೊಸೆಸರುಗಳು ಸೆಕೆಂಡಿಗೆ ಶತಕೋಟಿಗಟ್ಟಲೆ ಸುತ್ತು ಹಾಕುವುದಿಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿಯೇ ನೋಡಬಹುದು. ಹದಿನಾರು ದನಿ ಒಟ್ಟಿಗೆ ನುಡಿಯುವ ಸಿಂಥ್‌ನಲ್ಲಿ ದನಿಗೊಂದು ಬೈಕ್ವಾಡ್ ಇಟ್ಟು, ಪ್ರತಿ ಸ್ಯಾಂಪಲ್ಲಿಗೆ ಒಂದು ಸೈನ್ ಒಂದು ಕೊಸೈನ್ ಎಂದರೆ, ಸೆಕೆಂಡಿಗೆ 15 ಲಕ್ಷ ದಾಟುತ್ತದೆ. ಒಂದಕ್ಕೆ ನೂರು ಸುತ್ತು ಎಂದು ಧಾರಾಳವಾಗಿ ಹಿಡಿದರೂ 15 ಕೋಟಿ ಸುತ್ತು. 300 ಕೋಟಿ ಸುತ್ತಿನ ಲ್ಯಾಪ್‌ಟಾಪಿಗೆ ಅದು ಒಂದು ಕೋರಿನ ಇಪ್ಪತ್ತನೇ ಒಂದು ಪಾಲು, ಯಾರೂ ಗಮನಿಸುವುದಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ, 24 ಕೋಟಿ ಸುತ್ತಿನ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ಸಿಂಥ್ ಕಟ್ಟುವ ಹುಡುಗನಿಗೆ ಅದು ಅರ್ಧಕ್ಕಿಂತ ಹೆಚ್ಚು. ಉಳಿದ ಸ್ವಲ್ಪದಲ್ಲಿ ಅವನು ಸದ್ದು ಹುಟ್ಟಿಸಬೇಕು, ಕೀಲಿ ಓದಬೇಕು, ಎಲ್ಲವನ್ನೂ ಮಾಡಬೇಕು. ಶಕ್ತಿ ಧಾರಾಳವಾಗಿದೆ ಎಂಬ ಮಾತನ್ನು ದುಬಾರಿ ಯಂತ್ರ ಇರುವವರು ಸುಲಭವಾಗಿ ಆಡುತ್ತಾರೆ. ಬಂಗಾರಪೇಟೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಮುಂದೆ ಕೂತು ಹಾಡು ಕಟ್ಟುವವರಿಗೆ ಆ ಮಾತು ಸಲ್ಲುವುದಿಲ್ಲ. ಅವರನ್ನು ಹೊರಗಿಟ್ಟು ಸಾಫ್ಟ್‌ವೇರ್ ಮಾಡುವುದು ನನಗೆ ಸರಿಕಾಣದು.

ಆದರೆ ಉಳಿತಾಯದ ಹೆಸರಿನಲ್ಲಿ ನಡೆಯುವ ಒಂದು ಮೋಸದ ಬಗ್ಗೆಯೂ ಹೇಳಬೇಕು. ಗಡಿ ಬದಲಾದಾಗ ಮಾತ್ರ ಲೆಕ್ಕ ಹಾಕು, ಸುಮ್ಮನಿದ್ದರೆ ಹಳೆಯದನ್ನೇ ಬಳಸು ಎಂಬ ಜಾಣತನ ಬಹಳ ಕಡೆ ಇದೆ. ಸರಾಸರಿ ನೋಡಿದರೆ ಅದ್ಭುತ ಉಳಿತಾಯ. ಆದರೆ ಸದ್ದಿಗೆ ಸರಾಸರಿ ಎಂಬುದೇ ಇಲ್ಲ. 64 ಸ್ಯಾಂಪಲ್ಲಿನ ಬ್ಲಾಕು 1.33 ಮಿಲಿಸೆಕೆಂಡಿನೊಳಗೆ ಸಿದ್ಧವಾಗಲೇಬೇಕು. ತಡವಾದರೆ ಸ್ಪೀಕರಿನಲ್ಲಿ ಚಟ್ ಎಂದು ಕೇಳುತ್ತದೆ. ಬಂಡೆ ಸಿಡಿದ ಕ್ಷಣದಲ್ಲಿ ಹದಿನಾರೂ ದನಿಗಳ ಗಡಿ ಒಟ್ಟಿಗೆ ಓಡತೊಡಗಿದರೆ, ಅಲ್ಲಿಯವರೆಗೆ ಮಲಗಿದ್ದ ಲೆಕ್ಕವೆಲ್ಲ ಒಂದೇ ಬ್ಲಾಕಿನ ಮೇಲೆ ಬಂದು ಬೀಳುತ್ತದೆ. ಕತೆಯ ಅತಿ ಮುಖ್ಯ ಕ್ಷಣದಲ್ಲೇ ಸದ್ದು ತುಂಡಾಗುತ್ತದೆ. ಪ್ರತಿ ಸ್ಯಾಂಪಲ್ಲಿಗೂ ಅಷ್ಟೇ ಕೆಲಸ ಮಾಡುವ ಕೋಡು ಸರಾಸರಿಯಲ್ಲಿ ದುಬಾರಿ ಕಂಡರೂ ಅದರ ಹೊರೆ ಮೊದಲಿಂದ ಕೊನೆಯವರೆಗೆ ಒಂದೇ. ಸುಮ್ಮನಿದ್ದಾಗ ಹೊತ್ತಷ್ಟನ್ನೇ ಸ್ಫೋಟದಲ್ಲೂ ಹೊರುತ್ತದೆ. ವೇದಿಕೆಯ ಮೇಲೆ ನುಡಿಸುವವರಿಗೆ ಈ ಭರವಸೆಯ ಬೆಲೆ ಗೊತ್ತು. ಈ ಒಂದು ಅಂಶದಲ್ಲಿ ಪ್ರತಿ ಸ್ಯಾಂಪಲ್ ಪಕ್ಷ ಗೆದ್ದಿದೆ ಎಂದೇ ನನ್ನ ಅಭಿಪ್ರಾಯ.

ಗಡಿಯ ಚಲನೆಯನ್ನೇ ಹತ್ತು ಇಪ್ಪತ್ತು ಮಿಲಿಸೆಕೆಂಡು ಮೃದುಗೊಳಿಸಿಬಿಡುವ ಇನ್ನೊಂದು ರೂಢಿ ಇದೆ. ಮೌಸಿನಿಂದ ತಿರುಪು ತಿರುಗಿಸುವಾಗ ಅದು ಬೇಕೇಬೇಕು, ಕೈಯ ನಡುಕ ಅದರಲ್ಲಿ ಅಳಿಸಿಹೋಗುತ್ತದೆ. ಅದನ್ನೇ ಹೊಡೆತದ ಸದ್ದಿಗೂ ಹಚ್ಚಿದರೆ 20 ಮಿಲಿಸೆಕೆಂಡಿನ ಬಂಡೆ ಮೆತ್ತಗಾಗಿ ಹಾಸಿಗೆಯಂತೆ ಬೀಳುತ್ತದೆ. ಕೈಯಿಂದ ಬಂದ ಚಲನೆಗೆ ಒಂದು ದಾರಿ, ಕೋಡಿನಿಂದ ಬಂದ ಚಲನೆಗೆ ಬೇರೆ ದಾರಿ ಇಟ್ಟರೆ ಸಾಕು.

ಯಾವ ಲೆಕ್ಕವೂ ಕೊನೆಯ ಮಾತಲ್ಲ. ಗಣಿಯ ಸದ್ದನ್ನು ಕೇಳಿ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. 1980ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಕೆಲಸಕ್ಕೆ ಇಳಿದವರಿಗೆ ಈಗ 65 ದಾಟಿದೆ. ಚಾಂಪಿಯನ್ ರೀಫಿನಲ್ಲೋ ನಂದಿದುರ್ಗ ಗಣಿಯಲ್ಲೋ ದುಡಿದ ದೊಡ್ಡವರೊಬ್ಬರನ್ನು ಕೂರಿಸಿಕೊಂಡು, ಎರಡೂ ಬಗೆಯಲ್ಲಿ ಕಟ್ಟಿದ ಸದ್ದನ್ನು ಕೇಳಿಸಿ, ಯಾವುದು ನಿಜಕ್ಕೆ ಹತ್ತಿರ ಎಂದು ವಿಚಾರಿಸುವ ಕೆಲಸಕ್ಕೆ ಸಮನಾದ ಪರೀಕ್ಷೆ ಬೇರೆ ಇಲ್ಲ. ಅವರಿಗೆ ವ್ಯತ್ಯಾಸವೇ ಕೇಳಿಸದಿದ್ದರೆ ಅಗ್ಗದ ದಾರಿ ಹಿಡಿಯಲು ಸಂಕೋಚ ಬೇಡ.

ನನ್ನ ತೀರ್ಪು ಇಷ್ಟು. ಮೊದಲು ಕಟ್ಟಡ ಆರಿಸಿ. ಗಡಿ ಓಡಾಡುವ ಕಡೆ ಬೈಕ್ವಾಡ್ ಬಿಟ್ಟು ಸ್ಟೇಟ್ ವೇರಿಯಬಲ್ ಫಿಲ್ಟರ್ ಬಳಸಿ. ಕೇಜಿನಂಥ, ತಂಬೂರಿಯಂಥ ನಿಧಾನ ಚಲನೆಗೆ ಬ್ಲಾಕಿಗೊಮ್ಮೆ ಲೆಕ್ಕ, ನಡುವೆ ನೇರ ಗೆರೆ ಸಾಕು. ಸ್ವರದಿಂದ ಗಡಿ ತೂಗುವ ಕಡೆ, ಹೊಡೆತದ ಮೊನೆ ಬೇಕಾದ ಕಡೆ ಪ್ರತಿ ಸ್ಯಾಂಪಲ್ಲಿಗೂ ಲೆಕ್ಕ ಹಾಕಿ, ಆದರೆ ಪೂರ್ತಿ ಟ್ಯಾನ್ ಬದಲು ಕೋಷ್ಟಕವನ್ನೋ ಪಾಡೆಯನ್ನೋ ಇಟ್ಟುಕೊಳ್ಳಿ. ಯಾವ ದಾರಿ ಎಂಬ ಆಯ್ಕೆಯನ್ನು ಬಳಸುವವರ ಕೈಗೇ ಒಂದು ಗುಂಡಿಯಾಗಿ ಕೊಡಿ. ಸಿಂಥ್ ಬರೆಯುವ ಗೆಳೆಯರಲ್ಲಿ ಒಂದು ಕೋರಿಕೆ: ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿತೆಂದು ನಿಲ್ಲಿಸಬೇಡಿ. ಮನೆಯಲ್ಲಿರುವ ಅತಿ ಹಳೆಯ ಫೋನಿಗೆ ಅದನ್ನು ಹಾಕಿ, ಹದಿನಾರು ದನಿಗಳ ಗಡಿಯನ್ನೂ ಒಂದೇ ಸಲ ಓಡಿಸಿ, ಚಟ್ ಎನ್ನದಿದ್ದರೆ ಮಾತ್ರ ಬಿಡುಗಡೆ ಮಾಡಿ.